ಬೆಂಗಳೂರು ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್

ಬೆಂಗಳೂರು ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂಬುದು ಮೈಸೂರು ಸಂಸ್ಥಾನದ ಭೂಪ್ರದೇಶದೊಳಗಿದ್ದು, 1881ರಿಂದ 1947ರವರೆಗೆ ಬ್ರಿಟಿಷ್ ಸರ್ಕಾರದ ನ್ಯಾಯಾಧಿಕಾರಕ್ಕೆ ಒಳಪಟ್ಟಿದ್ದ ಪ್ರದೇಶ. ಜನಬಳಕೆಯಲ್ಲಿ ಇದಕ್ಕೆ 'ದಂಡು' ಎಂಬ ಹೆಸರಿತ್ತು. ಇದು ಬ್ರಿಟಿಷ್ ಇಂಡಿಯಾದ ಭಾಗವಾಗಿರಲಿಲ್ಲ. ನೆಲದ ಸಾರ್ವಭೌಮತ್ವ ಮೈಸೂರಿನ ಮಹಾರಾಜರದಾಗಿಯೇ ಉಳಿದು, ಆಡಳಿತ ಮತ್ತು ನ್ಯಾಯದಾನ ಮಾತ್ರ ಬ್ರಿಟಿಷರ ಕೈಯಲ್ಲಿತ್ತು. ಒಂದು ಸರ್ಕಾರವು ತನ್ನ ಗಡಿಯಾಚೆ ಕಾನೂನಿನ ಅಧಿಕಾರ ಚಲಾಯಿಸಿದುದಕ್ಕೆ ಕರ್ನಾಟಕದ ಇತಿಹಾಸದಲ್ಲಿ ಇದು ಪ್ರಮುಖ ನಿದರ್ಶನವಾಗಿದೆ.

ಹಿನ್ನೆಲೆ

1809ರಲ್ಲಿ ಬ್ರಿಟಿಷ್ ಸೇನೆಯು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಸ್ಥಳಾಂತರಗೊಂಡು, ಹಳೆಯ ಪೇಟೆಯ ಈಶಾನ್ಯಕ್ಕೆ ಅಲಸೂರಿನ ಸುತ್ತ ದಂಡುಪ್ರದೇಶ ಬೆಳೆಯಿತು. 1831ರಲ್ಲಿ ಮೈಸೂರಿನ ಆಡಳಿತವನ್ನೇ ಬ್ರಿಟಿಷರು ವಹಿಸಿಕೊಂಡದ್ದರಿಂದ, ಮುಂದಿನ ಐವತ್ತು ವರ್ಷ ಪೇಟೆ ಮತ್ತು ದಂಡು ಎರಡೂ ಅವರ ಅಧೀನದಲ್ಲಿದ್ದವು. 1881ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಮರಳಿ ಒಪ್ಪಿಸುವಾಗ ಈ ಎರಡು ಭಾಗಗಳು ಬೇರೆಯಾದವು. ಹಸ್ತಾಂತರ ಪತ್ರದ ನಿಬಂಧನೆಯಂತೆ ಮಹಾರಾಜರು ದಂಡುಪ್ರದೇಶಕ್ಕೆ ಬೇಕಾದ ಭೂಮಿಯನ್ನು ಉಚಿತವಾಗಿ ಒದಗಿಸಿ, ಅದರ ಮೇಲಿನ ನ್ಯಾಯಾಧಿಕಾರವನ್ನು ಬಿಟ್ಟುಕೊಡಬೇಕಾಗಿತ್ತು. ಹೀಗೆ ವಹಿಸಿಕೊಟ್ಟ ಪ್ರದೇಶದ ವಿಸ್ತೀರ್ಣ ಸುಮಾರು 13.5 ಚದರ ಮೈಲಿ. 1901ರ ಜನಗಣತಿಯಲ್ಲಿ ಇಲ್ಲಿ 89,599 ಜನರಿದ್ದರೆ, ಮೈಸೂರಿಗೆ ಸೇರಿದ ಬೆಂಗಳೂರು ನಗರದಲ್ಲಿ 69,447 ಜನರಿದ್ದರು.

ಕಾನೂನಿನ ಸ್ವರೂಪ

ಸ್ಟೇಷನ್‌ನ ಆಡಳಿತದ ಮುಖ್ಯಸ್ಥರು ಮೈಸೂರಿನ ಬ್ರಿಟಿಷ್ ರೆಸಿಡೆಂಟ್. ಅವರ ನ್ಯಾಯಾಲಯವೇ ಇಲ್ಲಿನ ಹೈಕೋರ್ಟ್ ಆಗಿತ್ತು. ನಗರದ ನಿವಾಸಿಗಳಿಗಾದರೋ ಮೈಸೂರಿನ ನ್ಯಾಯಾಲಯಗಳಿದ್ದವು. ಬ್ರಿಟಿಷ್ ಇಂಡಿಯಾದ ಕಾಯಿದೆಗಳು ಸ್ಟೇಷನ್‌ಗೆ ತಾವಾಗಿಯೇ ಅನ್ವಯಿಸುತ್ತಿರಲಿಲ್ಲ. ಗವರ್ನರ್ ಜನರಲ್ ಅಧಿಸೂಚನೆ ಹೊರಡಿಸಿ ಅವನ್ನು ವಿಸ್ತರಿಸಬೇಕಿತ್ತು. ಬ್ರಿಟಿಷ್ ಪಾರ್ಲಿಮೆಂಟಿನ 1890ರ ವಿದೇಶೀ ನ್ಯಾಯಾಧಿಕಾರ ಕಾಯಿದೆಯು, ಗೆದ್ದುಕೊಂಡ ನೆಲದಲ್ಲಿ ಇರುವಂಥದೇ ಅಧಿಕಾರವನ್ನು ಪರರಾಜ್ಯದಲ್ಲಿ ದೊರೆತ ನ್ಯಾಯಾಧಿಕಾರಕ್ಕೂ ನೀಡಿತ್ತು.

ರೆಸಿಡೆಂಟರೇ ಕೊಡಗಿನ ಮುಖ್ಯ ಕಮಿಷನರ್ ಕೂಡ ಆಗಿದ್ದರು. ಆದರೆ 1834ರಲ್ಲಿ ವಶವಾದ ಕೊಡಗು ಬ್ರಿಟಿಷ್ ಇಂಡಿಯಾದ ಭಾಗ, ದಂಡು ಹಾಗಲ್ಲ. ಒಬ್ಬರೇ ಅಧಿಕಾರಿ ಆಳುತ್ತಿದ್ದರೂ ಎರಡು ಪ್ರದೇಶಗಳ ಕಾನೂನಿನ ಸ್ಥಾನ ಬೇರೆಬೇರೆಯಾಗಿತ್ತು.

ಅಧಿಕಾರದ ಮಿತಿ

ಬಿಟ್ಟುಕೊಟ್ಟ ಅಧಿಕಾರ ಎಷ್ಟೋ ಅಷ್ಟನ್ನೇ ಚಲಾಯಿಸಬಹುದೆಂಬ ತತ್ತ್ವವನ್ನು ಹೈದರಾಬಾದ್ ಸಂಸ್ಥಾನಕ್ಕೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ ಪ್ರಿವಿ ಕೌನ್ಸಿಲ್ 1897ರಲ್ಲಿ ಎತ್ತಿಹಿಡಿಯಿತು. ಸಿಮ್ಲಾದ ಮ್ಯಾಜಿಸ್ಟ್ರೇಟರ ವಾರಂಟಿನ ಮೇಲೆ ಮಹಮ್ಮದ್ ಯೂಸುಫುದ್ದೀನ್ ಎಂಬವರನ್ನು ನಿಜಾಮರ ರಾಜ್ಯದ ರೈಲು ನಿಲ್ದಾಣದಲ್ಲಿ ಬಂಧಿಸಲಾಗಿತ್ತು. ರೈಲ್ವೆ ಜಮೀನಿನ ಮೇಲೆ ನಿಜಾಮರು ಕೊಟ್ಟ ಅಧಿಕಾರವು ರೈಲ್ವೆ ಆಡಳಿತಕ್ಕೆ ಮಾತ್ರ ಸೀಮಿತವೆಂದೂ, ರೈಲ್ವೆಗೆ ಸಂಬಂಧಿಸದ ಅಪರಾಧಕ್ಕಾಗಿ ಅಲ್ಲಿ ಮಾಡಿದ ಬಂಧನ ಕಾನೂನುಬಾಹಿರವೆಂದೂ ತೀರ್ಪಾಯಿತು. ಇದಕ್ಕೆ ಹೋಲಿಸಿದರೆ ಬೆಂಗಳೂರಿನಲ್ಲಿ ಮಹಾರಾಜರು ಬಿಟ್ಟುಕೊಟ್ಟ ಅಧಿಕಾರದ ವ್ಯಾಪ್ತಿ ಬಹಳ ದೊಡ್ಡದು.

ಮರಳಿಕೆ

ಪ್ರದೇಶವನ್ನು ಹಿಂದಿರುಗಿಸುವ ಬಗ್ಗೆ 1930ರ ದಶಕದಲ್ಲಿ ಮಾತುಕತೆ ನಡೆಯಿತಾದರೂ, ಸ್ಟೇಷನ್ ಮೈಸೂರಿಗೆ ಮರಳಿದ್ದು 1947ರಲ್ಲಿ. ಸಂಸ್ಥಾನಗಳ ಮೇಲಿನ ಬ್ರಿಟಿಷ್ ಪರಮಾಧಿಕಾರ ಮತ್ತು ಅದರಿಂದ ಬಂದ ನ್ಯಾಯಾಧಿಕಾರಗಳು ಅದೇ ವರ್ಷ ಆಗಸ್ಟ್ 15ರಂದು ಕೊನೆಗೊಳ್ಳುವವೆಂದು ಭಾರತ ಸ್ವಾತಂತ್ರ್ಯ ಕಾಯಿದೆ ವಿಧಿಸಿತ್ತು. ಆರು ದಶಕಗಳ ಕಾಲ ಹೆಚ್ಚಾಗಿ ಕಾಗದದ ಮೇಲೆ ಮಾತ್ರ ಉಳಿದಿದ್ದ ಮಹಾರಾಜರ ಸಾರ್ವಭೌಮತ್ವ ಆಗ ಅರ್ಥ ಪಡೆಯಿತು: ದಂಡು ಮೈಸೂರಿಗೆ ಹೊಸದಾಗಿ ದೊರೆತ ನೆಲವಾಗಿರದೆ, ಮರಳಿ ಬಂದ ಅಧಿಕಾರವಾಗಿತ್ತು. 1949ರಲ್ಲಿ ನಗರ ಮತ್ತು ದಂಡಿನ ಪುರಸಭೆಗಳನ್ನು ಒಂದುಗೂಡಿಸಿ ಬೆಂಗಳೂರು ನಗರಪಾಲಿಕೆಯನ್ನು ರಚಿಸಲಾಯಿತು. ಕಂಟೋನ್ಮೆಂಟ್ ರೈಲು ನಿಲ್ದಾಣದ ಹೆಸರಿನಲ್ಲಿ ಹಳೆಯ ವಿಭಜನೆಯ ಗುರುತು ಇಂದಿಗೂ ಉಳಿದಿದೆ.