ಯಾರ ಮಗ್ಗುಲಲ್ಲಿ ಯಾರು?

ಮದೀನಾದಲ್ಲಿ ಹ. ಉಸ್ಮಾನ್ ಬಿನ್ ಮಝ್ಊನ್(ರ) ತೀರಿಕೊಂಡಾಗ ಪ್ರವಾದಿವರ್ಯರು(ಸ) ತಾವೇ ಒಂದು ಕಲ್ಲು ಎತ್ತಿ ತಂದು ಗೋರಿಯ ತಲೆಯ ಬಳಿ ಇಟ್ಟರು. ಈ ಸಹೋದರನ ಗೋರಿ ಗುರುತಿರಲಿ, ನನ್ನ ಮನೆಯವರಲ್ಲಿ ತೀರಿಕೊಂಡವರನ್ನು ಇಲ್ಲೇ ಹತ್ತಿರ ದಫನ್ ಮಾಡುವೆ ಎಂಬುದು ಅವರ ಮಾತಿನ ಆಶಯ. ಅಬೂದಾವೂದ್‌ನಲ್ಲಿ ಈ ಹದೀಸ್ ಇದೆ.

ಮನೆತನದವರನ್ನು ಒಂದೆಡೆ ಮಲಗಿಸುವ ಈ ರೂಢಿಯನ್ನು ನೋಡಲು ನಮ್ಮ ಮಾಕವಳ್ಳಿಯವರು ದೂರ ಹೋಗಬೇಕಿಲ್ಲ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಗುಂಬಜ್ ಇದೆ. ಒಳಗೆ ನಡುವೆ ಹೈದರ್ ಅಲಿ, ಒಂದು ಪಕ್ಕ ಪತ್ನಿ ಫಾತಿಮಾ ಫಖ್ರುನ್ನಿಸಾ, ಇನ್ನೊಂದು ಪಕ್ಕ ಮಗ ಟಿಪ್ಪು ಸುಲ್ತಾನ್. ಹೆಚ್ಚಿನವರು ಅಷ್ಟಕ್ಕೇ ಫಾತಿಹಾ ಓದಿ ಹೊರಡುತ್ತಾರೆ. ವಂಶಾವಳಿ ಇರುವುದು ಹೊರಗಿನ ಜಗುಲಿಯಲ್ಲಿ, ತೋಟದಲ್ಲಿ. ಅಲ್ಲಿ ಟಿಪ್ಪುವಿನ ಪತ್ನಿ ರುಕಯ್ಯಾ ಬಾನು, ಅವರ ಸಹೋದರ, 1790ರಲ್ಲಿ ಸತ್ಯಮಂಗಲದ ಯುದ್ಧದಲ್ಲಿ ಮಡಿದ ಬುರ್ಹಾನುದ್ದೀನ್, ಟಿಪ್ಪುವಿನ ಸಹೋದರಿ ಸುಲ್ತಾನ್ ಬೇಗಂ ಇದ್ದಾರೆ. ಹಾಲುಣಿಸಿದ ತಾಯಿ ಮದೀನಾ ಬೇಗಂ ಕೂಡ ಇದ್ದಾರೆ. ರಕ್ತದ ನಂಟನ್ನಷ್ಟೇ ಬರೆಯುವವರು ಇವರನ್ನು ಬಿಟ್ಟುಬಿಡುತ್ತಾರೆ. ಶರೀಅತ್‌ನಲ್ಲಿ ಹಾಲಿನ ನಂಟು ನಿಕಾಹ್‌ಗೇ ಅಡ್ಡ ಬರುವಷ್ಟು ಗಟ್ಟಿ!

ಆದರೆ ಒಂದೇ ಕಬರಸ್ತಾನದಲ್ಲಿ ಮನೆತನ ಮುಗಿಯುವುದಿಲ್ಲ. ಹೈದರ್ ಅವರ ತಂದೆ ಫತಹ್ ಮುಹಮ್ಮದ್ ಕೋಲಾರದಲ್ಲಿದ್ದಾರೆ. 1782ರಲ್ಲಿ ಚಿತ್ತೂರಿನ ಬಳಿ ತೀರಿಕೊಂಡ ಹೈದರ್ ಅವರನ್ನೂ ಮೊದಲು ಅಲ್ಲಿಯೇ ದಫನ್ ಮಾಡಿ, ಆಮೇಲೆ ಪಟ್ಟಣಕ್ಕೆ ತಂದರು. 1799ರ ನಂತರ ಕುಟುಂಬವನ್ನು ವೆಲ್ಲೂರಿಗೆ ಸಾಗಿಸಿದರು. ಹೈದರ್ ಅವರ ಮತ್ತೊಬ್ಬ ಪತ್ನಿ ಬಕ್ಷಿ ಬೇಗಂ ಗೋರಿ ಅಲ್ಲಿದೆ. 1806ರ ಸಿಪಾಯಿ ದಂಗೆಯ ನಂತರ ಗಂಡುಮಕ್ಕಳನ್ನು ಕಲ್ಕತ್ತಾಕ್ಕೆ ಕಳಿಸಲಾಯಿತು. ಈಗ ಅವರ ಸಂತತಿಯ ಗೋರಿಗಳನ್ನು ಅಲ್ಲಿ ಹುಡುಕಬೇಕು.

ಅರಸು ಮನೆತನಕ್ಕೆ ದಾಖಲೆಗಳಿವೆ. ನಮ್ಮ ಅಜ್ಜ, ಮುತ್ತಜ್ಜಿಯರಿಗೆ? ಹಳ್ಳಿಯ ಗೋರಿಗಳ ಮೇಲೆ ಹೆಸರಿರುವುದು ಅಪರೂಪ. ಆದರೂ ನೆಲ ಒಂದಿಷ್ಟು ಹೇಳುತ್ತದೆ. ನಮ್ಮಲ್ಲಿ ಕಿಬ್ಲಾ ಪಶ್ಚಿಮಕ್ಕಿರುವುದರಿಂದ ಗೋರಿಗಳು ಉತ್ತರ ದಕ್ಷಿಣವಾಗಿರುತ್ತವೆ. ಮಗ್ಗುಲಿನವರು ಪೂರ್ವಕ್ಕೋ ಪಶ್ಚಿಮಕ್ಕೋ ಸಿಗುತ್ತಾರೆ. ಹಳೆಯ ಕಲ್ಲಿನ ಗೋರಿಯ ಮೇಲೆ ಕಲಮ್‌ದಾನ್‌ನಂಥ ಉಬ್ಬಿದ್ದರೆ ಅದು ಗಂಡಸಿನದು, ಚಪ್ಪಟೆ ಹಲಗೆಯಂತಿದ್ದರೆ ಹೆಂಗಸಿನದು.

ಮಗ್ಗುಲಲ್ಲಿದ್ದ ಮಾತ್ರಕ್ಕೆ ಅಣ್ಣತಮ್ಮ ಎಂದು ಬರೆದುಬಿಡಬಾರದು. ಉಹುದ್‌ನಲ್ಲಿ ಹ. ಜಾಬಿರ್(ರ)ರ ತಂದೆ ಅಬ್ದುಲ್ಲಾ(ರ) ಮತ್ತು ಅಮ್ರ್ ಬಿನ್ ಜಮೂಹ್(ರ) ಒಂದೇ ಗೋರಿಯಲ್ಲಿ ಮಲಗಿದರು. ಅವರು ಭಾವ ಮೈದುನರು. ಆದ್ದರಿಂದ ಗೋರಿ ತೋರಿಸಿದ ನಂಟನ್ನು ಮಸೀದಿಯ ನಿಕಾಹ್ ರಿಜಿಸ್ಟರ್‌ನಲ್ಲಿ ತಂದೆಯ ಹೆಸರಿನೊಂದಿಗೆ ತಾಳೆ ನೋಡಿ.

ಹಳೆಯ ಗೋರಿ ಕುಸಿದು ನೆಲಸಮವಾದ ಜಾಗದಲ್ಲೇ ಹೊಸ ಮಯ್ಯಿತ್ ಬರುತ್ತದೆ. ಅದಕ್ಕೆ ಶರೀಅತ್‌ನಲ್ಲಿ ಅವಕಾಶವಿದೆ. ಆಮೇಲೆ ಅಲ್ಲಿ ಮೊದಲು ಯಾರಿದ್ದರು ಎಂಬುದು ಗೋರಿ ತೋಡುವವರಿಗೂ ಒಬ್ಬಿಬ್ಬರು ಹಿರಿಯರಿಗೂ ಮಾತ್ರ ಗೊತ್ತು. ಬರುವ ಜುಮಾ ನಮಾಜಿನ ನಂತರ ಅವರನ್ನು ಕಬರಸ್ತಾನಕ್ಕೆ ಕರೆದುಕೊಂಡು ಹೋಗಿ. ಒಂದು ನೋಟ್‌ಬುಕ್ ಜೊತೆಗಿರಲಿ, ಸಾಲು ಸಾಲಾಗಿ ಹೆಸರು ಕೇಳಿ ಬರೆದುಕೊಳ್ಳಿ.