ಕಡೂರಿನ ಹಳಿ, ಮರ್ಮಗೋವಾ ಬಂದರು ಮತ್ತು ಸಲಜಾರ್

ಅರಸೀಕೆರೆ ದಾಟಿ ಕಡೂರು, ಬೀರೂರು, ಅಜ್ಜಂಪುರದ ಮೇಲೆ ಹರಿಹರ, ಹುಬ್ಬಳ್ಳಿಗೆ ಹೋಗುವ ರೈಲುಹಾದಿ ಒಂದು ಕಾಲಕ್ಕೆ ಮೀಟರ್ ಗೇಜಿನದು. ತರೀಕೆರೆಯವರು ಬೀರೂರಿಗೆ ಬಂದು ಅದನ್ನು ಹಿಡಿಯುತ್ತಿದ್ದರು. ಅದೇ ಅಗಲದ ಹಳಿ ಲೋಂಡಾದಲ್ಲಿ ಪಡುವಣಕ್ಕೆ ತಿರುಗಿ, ಕ್ಯಾಸಲ್ ರಾಕ್‌ನಿಂದ ಘಟ್ಟ ಇಳಿದು, ದೂಧಸಾಗರದ ಪಕ್ಕದಲ್ಲೇ ಸಾಗಿ ಮರ್ಮಗೋವಾ ಬಂದರು ಮುಟ್ಟುತ್ತಿತ್ತು. ಕ್ಯಾಸಲ್ ರಾಕ್‌ನಿಂದಾಚೆ ಪೋರ್ಚುಗೀಸರ ನೆಲ. 1955ರಲ್ಲಿ ಆ ಗಡಿಯಲ್ಲಿ ರೈಲು ನಿಂತುಹೋಯಿತು. ನಿಲ್ಲುವುದಕ್ಕೆ ಮೂಲ ಕಾರಣನಾದವನು ಲಿಸ್ಬನ್ನಿನಲ್ಲಿ ಕೂತಿದ್ದ, ಗೋವಾಕ್ಕೆ ಒಮ್ಮೆಯೂ ಕಾಲಿಡದ ಒಬ್ಬ ಅರ್ಥಶಾಸ್ತ್ರದ ಪ್ರಾಧ್ಯಾಪಕ.

ಅಂಟೋನಿಯೊ ಡಿ ಒಲಿವೇರ ಸಲಜಾರ್ ಹುಟ್ಟಿದ್ದು 1889ರಲ್ಲಿ, ಪೋರ್ಚುಗಲ್ಲಿನ ಒಂದು ಹಳ್ಳಿಯ ಸಾಮಾನ್ಯ ಕುಟುಂಬದಲ್ಲಿ. ಪಾದ್ರಿಯಾಗಲೆಂದು ಸೆಮಿನರಿ ಸೇರಿ, ಆಮೇಲೆ ಕೊಯಿಂಬ್ರ ವಿಶ್ವವಿದ್ಯಾಲಯಕ್ಕೆ ಹೋಗಿ, ಅಲ್ಲಿಯೇ ಅಧ್ಯಾಪಕನಾದ. 1926ರಲ್ಲಿ ಸೇನೆ ದಂಗೆಯೆದ್ದು ಗಣರಾಜ್ಯವನ್ನು ಉರುಳಿಸಿದಾಗ ಖಜಾನೆ ಬರಿದಾಗಿತ್ತು. 1928ರಲ್ಲಿ ಹಣಕಾಸು ಖಾತೆ ಒಪ್ಪಿಕೊಳ್ಳುವ ಮೊದಲು ಸಲಜಾರ್ ಹಾಕಿದ ಮುಖ್ಯ ಷರತ್ತು: ಯಾವ ಇಲಾಖೆಯ ಖರ್ಚನ್ನಾದರೂ ತಡೆಯುವ ಅಧಿಕಾರ ತನಗೆ ಬೇಕು. ಸೇನಾಧಿಕಾರಿಗಳು ಒಪ್ಪಿದರು. ಮೊದಲ ವರ್ಷವೇ ಬಜೆಟ್ಟಿನಲ್ಲಿ ಉಳಿತಾಯ ಕಂಡಿತು. 1932ರಲ್ಲಿ ಪ್ರಧಾನಿಯಾದ, ಮರುವರ್ಷ ಹೊಸ ಸಂವಿಧಾನ ತಂದ. ಒಂದೇ ಪಕ್ಷ, ಸೆನ್ಸಾರ್, ಗುಪ್ತ ಪೊಲೀಸು. ವಿರೋಧಿಗಳಿಗಾಗಿ 1936ರಲ್ಲಿ ಕೇಪ್ ವರ್ಡೆ ದ್ವೀಪಸಮೂಹದಲ್ಲಿ ತರಾಫಾಲ್ ಶಿಬಿರ ತೆರೆಯಿತು. ಭಾಷಣಗಳಲ್ಲಿ ಅಬ್ಬರಿಸದೆ, ಕಡತಗಳ ಮೂಲಕವೇ ಮೂವತ್ತಾರು ವರ್ಷ ಆಳಿದ್ದು ಈತನ ವಿಶೇಷ. ಈ ಮೌನವನ್ನು ಸಜ್ಜನಿಕೆ ಎಂದು ತಿಳಿದವರು ಯುರೋಪಿನಲ್ಲಿ ಕಡಿಮೆ ಇರಲಿಲ್ಲ. ತರಾಫಾಲ್‌ನಲ್ಲಿ ಸತ್ತವರನ್ನು ನೆನೆದರೆ ಆ ಮಾತು ನಿಲ್ಲುವುದಿಲ್ಲ.

ಗೋವಾದವರಿಗೆ ಅವನ ಕೈಯ ಬಿಸಿ ತಟ್ಟಿದ್ದು ವಸಾಹತುಗಳ ಮೇಲೆ ಲಿಸ್ಬನ್ನಿನ ಹಿಡಿತ ಬಿಗಿಸಿದ 1930ರ ವಸಾಹತು ಕಾಯ್ದೆಯಿಂದ. ಪತ್ರಕರ್ತ ಲೂಯಿಸ್ ಡಿ ಮಿನೇಜಿಸ್ ಬ್ರಾಗಾಂಜಾ ಅದೇ ವರ್ಷ ಗೋವಾದ ಶಾಸನಸಭೆಯಲ್ಲಿ ಎದ್ದು ನಿಂತು, ತಮ್ಮ ಹಣೆಬರಹ ತಾವೇ ನಿರ್ಧರಿಸುವ ಹಕ್ಕು ಗೋವಾದ ಜನಕ್ಕಿದೆ ಎಂಬ ನಿರ್ಣಯ ಮಂಡಿಸಿದರು. ಕೇಳುವ ಕಿವಿ ಲಿಸ್ಬನ್ನಿನಲ್ಲಿ ಇರಲಿಲ್ಲ. ಮುಂದಿನ ವರ್ಷಗಳಲ್ಲಿ ಪತ್ರಿಕೆಗಳು ಸೊರಗಿದವು. ಮದುವೆಯ ಕರೆಯೋಲೆ ಅಚ್ಚು ಹಾಕಿಸಬೇಕಾದರೂ ಸೆನ್ಸಾರಿನ ಮುಂದೆ ಇಡಬೇಕಿತ್ತು. ಮಗಳ ಲಗ್ನಕ್ಕೆ ನೆಂಟರನ್ನು ಕರೆಯಲೂ ಸರ್ಕಾರದ ಅಪ್ಪಣೆ ಎಂದರೆ ಆಳ್ವಿಕೆ ಮನೆಯೊಳಗೆ ಎಷ್ಟು ದೂರ ಬಂದಿತ್ತು ನೋಡಿ. 1946ರ ಜೂನ್ 18ರಂದು ಮಡಗಾಂವಿನಲ್ಲಿ ಸಮಾಜವಾದಿ ನಾಯಕ ಡಾ. ರಾಮಮನೋಹರ ಲೋಹಿಯಾ ನಿಷೇಧ ಮುರಿದು ಮಾತಾಡಿ ಬಂಧನಕ್ಕೊಳಗಾದರು. ಐದು ವರ್ಷದ ನಂತರ ಗೇಣಿದಾರರ ಕಾಗೋಡು ಸತ್ಯಾಗ್ರಹಕ್ಕೆ ಬಂದು ಸಾಗರದಲ್ಲಿ ಸೆರೆಯಾದ ಲೋಹಿಯಾ ಇವರೇ.

ಭಾರತ ಸ್ವತಂತ್ರವಾದ ಮೇಲೂ ಸಲಜಾರ್ ಮಾತುಕತೆಗೆ ಬರಲಿಲ್ಲ. 1951ರಲ್ಲಿ ಸಂವಿಧಾನ ತಿದ್ದಿ, ವಸಾಹತುಗಳೆಲ್ಲ ಇನ್ನು ಸಾಗರದಾಚೆಯ ಪ್ರಾಂತ್ಯಗಳು ಎಂದುಬಿಟ್ಟ. ಪ್ರಾಂತ್ಯವೆಂದ ಮೇಲೆ ಬಿಟ್ಟುಕೊಡುವ ಪ್ರಶ್ನೆಯೇ ಇಲ್ಲವೆಂಬುದು ಅವನ ವಾದ. 1955ರ ಆಗಸ್ಟ್ 15ರಂದು ನಿಶ್ಶಸ್ತ್ರ ಸತ್ಯಾಗ್ರಹಿಗಳು ಹಲವು ಕಡೆಯಿಂದ ಗಡಿ ದಾಟಿದರು, ಕ್ಯಾಸಲ್ ರಾಕ್ ಕಡೆಯವರು ಹಳಿಯ ಮೇಲೇ ನಡೆದರು. ಪೋರ್ಚುಗೀಸ್ ಪೊಲೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಗಡಿಯಲ್ಲಿ ರೈಲು ನಿಂತದ್ದೂ ಆ ವರ್ಷವೇ. ಆ ವರ್ಷದ ಕೊನೆಗೆ ಗೋವಾದ ಹೋರಾಟಗಾರರಾದ ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ ಗಡಿಯ ಕಾಡಿನಲ್ಲಿ ಗುಪ್ತ ರೇಡಿಯೊ ಆರಂಭಿಸಿದರು. ಮೊದಲು ಅಂಬೋಲಿ, ಆಮೇಲೆ ಕ್ಯಾಸಲ್ ರಾಕ್. ಸೆನ್ಸಾರು ತಡೆದ ಸುದ್ದಿ ಹೀಗೆ ಕನ್ನಡ ನಾಡಿನ ಕಾಡಿನಿಂದ ಗೋವಾದ ಮನೆಗಳಿಗೆ ಹೋಗುತ್ತಿತ್ತು.

1961 ಸಲಜಾರ್‌ಗೆ ಕೆಟ್ಟ ವರ್ಷ. ಅಂಗೋಲದಲ್ಲಿ ದಂಗೆ, ಏಪ್ರಿಲ್‌ನಲ್ಲಿ ಸ್ವಂತ ರಕ್ಷಣಾ ಸಚಿವನೇ ಪದಚ್ಯುತಿಗೆ ಸಂಚು ಹೂಡಿ ಸೋತ. ನವೆಂಬರ್‌ನಲ್ಲಿ ಕಾರವಾರದೆದುರಿನ ಅಂಜದೀವ್ ದ್ವೀಪದಿಂದ ಪೋರ್ಚುಗೀಸ್ ಪಡೆ ಹಡಗಿಗೂ ಮೀನುಗಾರರಿಗೂ ಗುಂಡಿಟ್ಟಿತು. ಕಾರವಾರ ಕಡೆಯ ಮೀನುಗಾರನೊಬ್ಬ ಸತ್ತ. ದೆಹಲಿಯ ತಾಳ್ಮೆ ಅಲ್ಲಿಗೆ ಮುಗಿಯಿತು. ಬೆಳಗಾವಿಯಲ್ಲಿ ಸೇನೆ ಜಮಾಯಿಸಿತು. ಡಿಸೆಂಬರ್ 14ರಂದು ಸಲಜಾರ್ ಗವರ್ನರ್ ಜನರಲ್ ವಸಾಲೊ ಇ ಸಿಲ್ವಾನಿಗೆ ತಂತಿ ಕಳಿಸಿದ: ಶರಣಾಗತಿ ಕೂಡದು, ಗೆಲ್ಲಬೇಕು, ಇಲ್ಲವೇ ಸಾಯಬೇಕು. ಗೋವಾದಲ್ಲಿದ್ದದ್ದು ಸುಮಾರು ಮೂರೂವರೆ ಸಾವಿರ ಸೈನಿಕರು. ಕಾದಾಡುವ ವಿಮಾನ ಒಂದೂ ಇರಲಿಲ್ಲ. ಎಂದೂ ನೋಡದ ನೆಲಕ್ಕಾಗಿ ಅಷ್ಟು ಜನರ ಹೆಣ ಬೇಡಿದ ಆ ತಂತಿಯಲ್ಲಿ ಇಡೀ ಸಲಜಾರ್ ಕಾಣಿಸುತ್ತಾನೆ.

ಡಿಸೆಂಬರ್ 18ರಂದು ಅಂಜದೀವ್ ಮೇಲೆ ಹೋದ ಯುದ್ಧನೌಕೆಗಳು ತ್ರಿಶೂಲ್ ಮತ್ತು ಮೈಸೂರು. ಇಳಿದ ನಮ್ಮ ನಾವಿಕರಲ್ಲಿ ಏಳು ಮಂದಿ ಆ ಪುಟ್ಟ ದ್ವೀಪದಲ್ಲಿ ಪ್ರಾಣಬಿಟ್ಟರು. ಕಾರವಾರದ ಮಾಜಾಳಿಯಿಂದಲೂ ಒಂದು ತುಕಡಿ ಕಾಣಕೋಣದತ್ತ ಸಾಗಿತು. 19ರ ರಾತ್ರಿ ವಸಾಲೊ ಇ ಸಿಲ್ವಾ ಆಜ್ಞೆ ಮೀರಿ ಶರಣಾಗತಿಗೆ ಸಹಿ ಹಾಕಿದ. ಅವನ ಆ ಸಹಿಯಿಂದ ಗೋವಾದ ನಗರಗಳೂ ಸಾವಿರಾರು ಜೀವಗಳೂ ಉಳಿದವು. ಲಿಸ್ಬನ್ ಅವನನ್ನು ಸೇನೆಯಿಂದ ಹೊರಹಾಕಿತು.

ಸಲಜಾರ್ ಪಾಠ ಕಲಿಯಲಿಲ್ಲ. ಅಂಗೋಲ, ಗಿನಿ, ಮೊಜಾಂಬಿಕ್‌ಗಳಲ್ಲಿ ಯುದ್ಧ ನಡೆಸಿದ. 1968ರಲ್ಲಿ ಕುರ್ಚಿಯಿಂದ ಬಿದ್ದು ಮಿದುಳಿಗೆ ಪೆಟ್ಟಾಗಿ ಅಧಿಕಾರ ಮಾರ್ಸೆಲೊ ಕೈತಾನೊಗೆ ಹೋಯಿತು. ತಾನಿನ್ನೂ ಪ್ರಧಾನಿಯೆಂಬ ಸಲಜಾರ್‌ನ ನಂಬಿಕೆಯನ್ನು ಸುತ್ತಲಿನವರು ಕೆಡಿಸದೆ ಉಳಿಸಿದರು, 1970ರಲ್ಲಿ ಅವನು ತೀರಿಕೊಂಡ. 1974ರ ಏಪ್ರಿಲ್ 25ರಂದು ಸೈನಿಕರೇ ಆ ಆಡಳಿತವನ್ನು ಕಿತ್ತೊಗೆದರು. ಅದೇ ವರ್ಷದ ಕೊನೆಯ ದಿನ ಗೋವಾ ಭಾರತದ್ದೆಂದು ಪೋರ್ಚುಗಲ್ ಒಪ್ಪಿ ಸಹಿ ಹಾಕಿತು. ವಸಾಲೊ ಇ ಸಿಲ್ವಾನಿಗೂ ಸೇನೆಯ ಹುದ್ದೆ ಮರಳಿತು. 1980ರಲ್ಲಿ ಆತ ಗೋವಾಕ್ಕೆ ಬಂದಾಗ ಅಲ್ಲಿನ ಜನ ಪ್ರೀತಿಯಿಂದ ಬರಮಾಡಿಕೊಂಡರು.