ಬಯಲುಸೀಮೆಯ ಚಳಿಗೆ ಗ್ಲಿಸರಿನ್: ಗುಣ, ಮಿತಿ ಮತ್ತು ಹಚ್ಚುವ ಕ್ರಮ

ಚಿತ್ರದುರ್ಗ: ಕಾರ್ತಿಕ ಮಾಸ ಕಳೆದು ಮಾಗಿಯ ಚಳಿ ಕಾಲಿಡುತ್ತಿದ್ದಂತೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲೂಕುಗಳಲ್ಲಿ ಚರ್ಮ ಒಡೆಯುವ ಕಾಲ ಆರಂಭವಾಗುತ್ತದೆ. ಮೊಣಕಾಲಿನ ಕೆಳಗೆ ಬೂದಿ ಬಳಿದಂತೆ ಬಿಳಿಚುವ ಚರ್ಮ, ಉಗುರು ತಾಗಿದರೆ ಮೂಡುವ ಬಿಳಿ ಗೆರೆ, ನಕ್ಕರೆ ಬಿರಿಯುವ ತುಟಿ, ನೆಲಕ್ಕೆ ಊರಿದರೆ ನೋಯುವ ಹಿಮ್ಮಡಿ ಇವೆಲ್ಲ ಇಲ್ಲಿನ ಜನರಿಗೆ ಪರಿಚಿತ. ಇದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಅಗ್ಗದ ಪರಿಹಾರವೆಂದರೆ ಗ್ಲಿಸರಿನ್. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಮಂದ ದ್ರವದಿಂದ ಉಪಶಮನ ಪಡೆದವರು ಅನೇಕರು. ಹಚ್ಚಿದ ಮೇಲೆ ಚರ್ಮ ಇನ್ನಷ್ಟು ಬಿಗಿಯಿತು, ಉರಿಯಿತು ಎನ್ನುವವರೂ ಇದ್ದಾರೆ. ಎರಡು ಅನುಭವಗಳೂ ನಿಜ. ವ್ಯತ್ಯಾಸವಿರುವುದು ಹಚ್ಚುವ ಕ್ರಮದಲ್ಲಿ.

ಗ್ಲಿಸರಿನ್ ನೀರನ್ನು ಕೊಡುವ ವಸ್ತುವಲ್ಲ, ನೀರನ್ನು ಹಿಡಿದಿಡುವ ವಸ್ತು. ಒಣಗಾಳಿಯ ಸೀಮೆಯಲ್ಲಿ ಅದಕ್ಕೆ ಹಿಡಿಯಲು ನೀರು ಬೇಕು, ಹಿಡಿದ ನೀರು ಆರದಂತೆ ಮೇಲೊಂದು ಹೊದಿಕೆಯೂ ಬೇಕು.

ಗಾಳಿ ಒಣಗುವುದೇಕೆ?

ಪಶ್ಚಿಮ ಘಟ್ಟಗಳ ಮಳೆ ನೆರಳಿನಲ್ಲಿರುವ ಈ ನಾಲ್ಕೂ ತಾಲೂಕುಗಳು ಕೃಷಿ ಹವಾಮಾನದ ವಿಂಗಡಣೆಯಲ್ಲಿ ರಾಜ್ಯದ ಮಧ್ಯ ಒಣ ವಲಯಕ್ಕೆ ಸೇರಿವೆ. ಹಿರಿಯೂರು ಸಮೀಪ ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಪೂರ್ಣಗೊಂಡ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಈ ಭಾಗದಲ್ಲಿ ಮಳೆ ಎಷ್ಟು ಅಪರೂಪವೆಂಬುದಕ್ಕೆ ಇದೊಂದೇ ಸಾಕ್ಷಿ ಸಾಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಭಾಗದ ಗುಡ್ಡಗಳ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳು ಇಲ್ಲಿನ ಗಾಳಿಯ ಬಿರುಸನ್ನು ಹೇಳುತ್ತವೆ. ಹೊಳಲ್ಕೆರೆಯ ಅಡಿಕೆ ತೋಟ, ಹೊಸದುರ್ಗದ ತೆಂಗಿನ ತೋಟಗಳ ನೆರಳಿನಲ್ಲಿ ಗಾಳಿ ತುಸು ಮೃದುವಾಗಿದ್ದರೂ ಬಯಲಿಗೆ ಬಂದೊಡನೆ ಅದೇ ಒಣಗಾಳಿ ಎದುರಾಗುತ್ತದೆ.

ಚಳಿಗಾಲದ ಬೆಳಗಿನಲ್ಲಿ ಮಂಜು, ಇಬ್ಬನಿ ಕಂಡವರಿಗೆ ಗಾಳಿ ಒಣಗಿದೆ ಎಂಬುದನ್ನು ನಂಬುವುದು ಕಷ್ಟ. ಕಾರಣ ಸರಳವಾಗಿದೆ. 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 13 ಗ್ರಾಂ ನೀರಾವಿಯನ್ನು ಹಿಡಿಯಬಲ್ಲದು. 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. ಬೆಳಗಿನ ಜಾವ ತುಂಬಿ ತೇವವಾಗಿದ್ದ ಗಾಳಿಯೇ ಮಧ್ಯಾಹ್ನ ಬಿಸಿಯಾದಾಗ ಅದರ ಸಾಪೇಕ್ಷ ಆರ್ದ್ರತೆ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಆಗ ಗಾಳಿಯು ಕೆರೆ, ಮಣ್ಣು, ಒಗೆದ ಬಟ್ಟೆಗಳಿಂದ ಹೀರುವಂತೆಯೇ ಮನುಷ್ಯನ ಚರ್ಮದಿಂದಲೂ ನೀರನ್ನು ಹೀರುತ್ತದೆ. ಒಳನಾಡಿನಲ್ಲಿ ಚಳಿ ಹಿಂದೆಗೆದ ಮೇಲೂ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಈ ಒಣತನ ಮುಂದುವರಿಯುವುದರಿಂದ ಆರೈಕೆಯನ್ನು ಸಂಕ್ರಾಂತಿಗೇ ನಿಲ್ಲಿಸುವುದು ಸರಿಯಲ್ಲ.

ಚರ್ಮದಲ್ಲಿ ಆಗುವುದೇನು?

ಚರ್ಮದ ಅತಿ ಹೊರಗಿನ ಪದರವು ಸತ್ತ ಜೀವಕೋಶಗಳಿಂದಾದದ್ದು. ದೇಹದ ಬಹುಭಾಗಗಳಲ್ಲಿ ಅದು ಕಾಗದಕ್ಕಿಂತ ತೆಳುವಾಗಿರುತ್ತದೆ. ಅಂಗಾಲು, ಹಿಮ್ಮಡಿಗಳಲ್ಲಿ ಮಾತ್ರ ದಪ್ಪ. ಈ ಕೋಶಗಳ ನಡುವೆ ಕೊಬ್ಬಿನಂಶವು ಗಾರೆಯಂತೆ ತುಂಬಿಕೊಂಡು ಒಳಗಿನ ನೀರು ಹೊರಹೋಗದಂತೆ ತಡೆಯುತ್ತದೆ. ಈ ಪದರದ ನೀರಿನಂಶ ಸುಮಾರು ಶೇ. 10ಕ್ಕಿಂತ ಕಡಿಮೆಯಾದರೆ ಅದು ಬಾಗುವ ಗುಣವನ್ನು ಕಳೆದುಕೊಂಡು ಹೊಟ್ಟೇಳುತ್ತದೆ, ಬಿರಿಯುತ್ತದೆ, ತುರಿಸುತ್ತದೆ.

ಗಾಳಿಯ ಜೊತೆಗೆ ಸ್ನಾನದ ಅಭ್ಯಾಸವೂ ಇದಕ್ಕೆ ಕಾರಣವಾಗುತ್ತದೆ. ಸುಡುವ ನೀರು ಚರ್ಮದ ಜಿಡ್ಡನ್ನು ತೊಳೆದುಬಿಡುತ್ತದೆ. ಸಾಬೂನು ಕ್ಷಾರ ಗುಣದ್ದಾದರೆ ಚರ್ಮದ ಮೇಲ್ಮೈ ತುಸು ಆಮ್ಲೀಯ. ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ಸರಿಯಾಗಿ ನೊರೆ ಬಾರದೆ, ನೀರಿನ ಸುಣ್ಣದಂಶದೊಡನೆ ಸೇರಿ ಮೈಮೇಲೆ ಅಂಟಿನಂತೆ ಉಳಿಯುತ್ತದೆ. ವಯಸ್ಸಾದವರಲ್ಲಿ ಜಿಡ್ಡಿನ ಗ್ರಂಥಿಗಳು ಮಂದವಾಗುವುದರಿಂದ ಅವರ ಕಾಲುಗಳಲ್ಲಿ ತುರಿಕೆ ಹೆಚ್ಚು.

ಗ್ಲಿಸರಿನ್ ಎಂದರೇನು?

ಸ್ವೀಡನ್ನಿನ ರಸಾಯನ ವಿಜ್ಞಾನಿ ಕಾರ್ಲ್ ವಿಲ್ಹೆಲ್ಮ್ ಷೀಲೆ 1779ರಲ್ಲಿ ಆಲಿವ್ ಎಣ್ಣೆಯನ್ನು ಸೀಸದ ಆಕ್ಸೈಡಿನೊಡನೆ ಕಾಯಿಸುವಾಗ ಸಿಹಿಯಾದ ದ್ರವವೊಂದನ್ನು ಪಡೆದನು. ಫ್ರಾನ್ಸಿನ ಷೆವ್ರಲ್ ಅದಕ್ಕೆ ಗ್ರೀಕ್ ಭಾಷೆಯಲ್ಲಿ ಸಿಹಿ ಎಂಬ ಅರ್ಥವಿರುವ ಪದದಿಂದ ಗ್ಲಿಸರಿನ್ ಎಂಬ ಹೆಸರನ್ನು ಇಟ್ಟನು. ಶೇಂಗಾ, ಕೊಬ್ಬರಿ, ಹರಳು ಸೇರಿದಂತೆ ಎಲ್ಲ ಎಣ್ಣೆಗಳಲ್ಲೂ ಗ್ಲಿಸರಿನ್ ಕೊಬ್ಬಿನ ಆಮ್ಲಗಳೊಡನೆ ಬಂಧಿಯಾಗಿರುತ್ತದೆ. ಎಣ್ಣೆಗೆ ಕ್ಷಾರ ಸೇರಿಸಿ ಸಾಬೂನು ಮಾಡುವಾಗ ಅದು ಬಿಡುಗಡೆಯಾಗುತ್ತದೆ. ಮೈಗೆ ಎಣ್ಣೆ ಹಚ್ಚಿದ ಮಾತ್ರಕ್ಕೆ ಗ್ಲಿಸರಿನ್ ಹಚ್ಚಿದಂತಾಗುವುದಿಲ್ಲ. ಎಣ್ಣೆ ನೀರಿನೊಡನೆ ಬೆರೆಯದು. ಗ್ಲಿಸರಿನ್ ನೀರಿನೊಡನೆ ಯಾವ ಪ್ರಮಾಣದಲ್ಲಾದರೂ ಬೆರೆಯುತ್ತದೆ.

ಗ್ಲಿಸರಿನ್ ಚರ್ಮಕ್ಕೆ ಪರಕೀಯ ವಸ್ತುವೂ ಅಲ್ಲ. ಚರ್ಮ ತನ್ನೊಳಗೆ ತಾನೇ ಗ್ಲಿಸರಿನ್ ಅನ್ನು ಇಟ್ಟುಕೊಂಡಿರುತ್ತದೆ. ಜೀವಕೋಶದ ಗೋಡೆಯಲ್ಲಿ ನೀರು ಹಾಯುವ ನಾಳಗಳನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಆ ಬಗೆಯ ನಾಳಗಳಲ್ಲೊಂದಾದ ಆಕ್ವಾಪೊರಿನ್-3 ನೀರಿನ ಜೊತೆ ಗ್ಲಿಸರಿನ್ ಅನ್ನೂ ಸಾಗಿಸುತ್ತದೆ. ಈ ನಾಳವಿಲ್ಲದ ಇಲಿಗಳ ಚರ್ಮ ಒಣಗಿರುವುದೂ, ಗ್ಲಿಸರಿನ್ ಕೊಟ್ಟಾಗ ಅದು ಸುಧಾರಿಸುವುದೂ ಪ್ರಯೋಗಗಳಲ್ಲಿ ಕಂಡುಬಂದಿದೆ.

ಹಚ್ಚಿದರೂ ಉರಿಯುವುದೇಕೆ?

ಗ್ಲಿಸರಿನ್ ತನ್ನ ಸುತ್ತ ಎಲ್ಲಿ ನೀರಿದೆಯೋ ಅಲ್ಲಿಂದ ಸೆಳೆಯುತ್ತದೆ. ಮಂಗಳೂರಿನಂಥ ಕರಾವಳಿಯ ತೇವದ ಗಾಳಿಯಲ್ಲಿ ಅದಕ್ಕೆ ಹೊರಗಿನಿಂದಲೇ ಸಾಕಷ್ಟು ನೀರು ಸಿಗುತ್ತದೆ. ಹಿರಿಯೂರಿನ ಜನವರಿ ಮಧ್ಯಾಹ್ನದ ಗಾಳಿಯಲ್ಲಿ ಅಷ್ಟು ನೀರಿಲ್ಲ. ಶೀಸೆಯಿಂದ ನೇರವಾಗಿ ಒಣ ಮೈಗೆ ಸುರಿದ ಗಟ್ಟಿ ಗ್ಲಿಸರಿನ್ ಆಗ ಚರ್ಮದ ಒಳಪದರದ ನೀರನ್ನೇ ಮೇಲಕ್ಕೆಳೆಯಬಹುದು. ಹಾಗೆ ಮೇಲೆ ಬಂದ ನೀರನ್ನು ಗಾಳಿ ಒಯ್ಯುತ್ತದೆ. ಬಿರುಕುಗಳಲ್ಲಿ ಅದು ಚುರುಗುಟ್ಟುವುದಕ್ಕೂ ನೀರೆಳೆಯುವ ಗುಣವೇ ಕಾರಣ. ಇದಲ್ಲದೆ ಅಂಟಂಟಾದ ಮೈಗೆ ದಾರಿಯ ದೂಳೂ ಮೆತ್ತಿಕೊಳ್ಳುತ್ತದೆ.

ಹಚ್ಚುವ ಕ್ರಮ

* ಒಂದು ಚಮಚ ಗ್ಲಿಸರಿನ್‌ಗೆ ನಾಲ್ಕು ಚಮಚ ಕುದಿಸಿ ಆರಿಸಿದ ನೀರನ್ನು ಬೆರೆಸಬೇಕು. ನೀರಿನ ಬದಲು ಶುದ್ಧ ಪನ್ನೀರನ್ನೂ ಬಳಸಬಹುದು; ಅದರಿಂದ ಸುವಾಸನೆಯ ಹೊರತು ಹೆಚ್ಚಿನ ಲಾಭವಿಲ್ಲ.

* ನೀರು ಬೆರೆತ ಗ್ಲಿಸರಿನ್‌ನಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಎರಡು ಮೂರು ದಿನಕ್ಕೆ ಸಾಕಾಗುವಷ್ಟನ್ನು ಮಾತ್ರ ಶುಚಿಯಾದ ಶೀಸೆಯಲ್ಲಿ ಬೆರೆಸಿಟ್ಟುಕೊಳ್ಳಬೇಕು.

* ಉಗುರು ಬೆಚ್ಚನೆಯ ನೀರಿನಲ್ಲಿ ಬೇಗನೆ ಸ್ನಾನ ಮುಗಿಸಿ, ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಹಸಿಯಾಗಿರುವಾಗಲೇ ಈ ಮಿಶ್ರಣವನ್ನು ಸವರಬೇಕು.

* ಕೂಡಲೇ ಅದರ ಮೇಲೆ ಕೆಲವು ಹನಿ ಕೊಬ್ಬರಿ ಎಣ್ಣೆ ಅಥವಾ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಕು. ಇದೇ ಹೊದಿಕೆ. ಒಣ ಮೈಗೆ ಬರೀ ಎಣ್ಣೆ ಹಚ್ಚುವುದಕ್ಕಿಂತ ಹಸಿ ಮೈಯ ಮೇಲೆ ಹಚ್ಚುವುದು ಹೆಚ್ಚು ಫಲಕಾರಿ. ಮೊಡವೆಯಿರುವ ಮುಖಕ್ಕೆ ಎಣ್ಣೆಯನ್ನು ಬಿಡುವುದು ಲೇಸು.

* ಪದೇ ಪದೇ ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಕೈಗಳಿಗೆ ದಿನಕ್ಕೆ ಒಂದು ಸಾರಿ ಸಾಲದು. ಪ್ರತಿ ಬಾರಿ ಕೈ ತೊಳೆದ ಮೇಲೂ ಹಚ್ಚಬೇಕು.

* ಮೊದಲ ಬಾರಿ ಬಳಸುವವರು ಮುಂದೋಳಿನ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಬೇಕು.

ಅನೇಕ ಮನೆಗಳಲ್ಲಿ ಈ ಮಿಶ್ರಣಕ್ಕೆ ನಿಂಬೆರಸ ಹಿಂಡುವ ರೂಢಿಯಿದೆ. ಒಡೆದ ಚರ್ಮಕ್ಕೆ ನಿಂಬೆಯ ಆಮ್ಲ ಉರಿ ತರುತ್ತದೆ. ನಿಂಬೆರಸ ಮೆತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಗುಳ್ಳೆಯೆದ್ದು ಕಪ್ಪು ಕಲೆ ಉಳಿಯುವುದೂ ಉಂಟು. ಆದ್ದರಿಂದ ನಿಂಬೆಯನ್ನು ಬಿಡುವುದೇ ಸರಿ. ತುಟಿಗೆ ಗ್ಲಿಸರಿನ್ ಹಚ್ಚಿದರೆ ಅದರ ಸಿಹಿಗೆ ನಾಲಿಗೆ ಮತ್ತೆ ಮತ್ತೆ ಹೋಗುತ್ತದೆ, ಎಂಜಲು ಆರಿದಂತೆಲ್ಲ ತುಟಿ ಇನ್ನಷ್ಟು ಒಣಗುತ್ತದೆ. ಅಲ್ಲಿಗೆ ತುಪ್ಪ, ಬೆಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿಯೇ ಉತ್ತಮ.

ಹಿಮ್ಮಡಿಯ ಬಿರುಕು

ಬರಿಗಾಲಿನಲ್ಲಿ ಹೊಲ, ಕಣಗಳಲ್ಲಿ ದುಡಿಯುವವರಿಗೆ ಹಿಮ್ಮಡಿ ಒಡೆಯುವುದು ಕೂಲಿಯನ್ನೇ ಕಳೆಯುವ ತೊಂದರೆ. ಮಧುಮೇಹಿಗಳಲ್ಲದವರು ರಾತ್ರಿ ಹತ್ತು ನಿಮಿಷ ಉಗುರು ಬೆಚ್ಚನೆಯ ನೀರಿನಲ್ಲಿ ಕಾಲಿಟ್ಟು, ಮೆತ್ತಗಾದ ಚರ್ಮವನ್ನು ಕಾಲುಜ್ಜುವ ಕಲ್ಲಿನಿಂದ ಹಗುರವಾಗಿ ಉಜ್ಜಿ, ಗ್ಲಿಸರಿನ್ ಮಿಶ್ರಣ ಹಚ್ಚಿ, ಮೇಲೆ ಎಣ್ಣೆ ಸವರಿ ಹತ್ತಿಯ ಕಾಲುಚೀಲ ಧರಿಸಿ ಮಲಗಬೇಕು. ಒಂದೆರಡು ರಾತ್ರಿಗೆ ಫಲ ಕಾಣದು. ಕೆಲವು ವಾರ ಬಿಡದೆ ಮಾಡಬೇಕಾಗುತ್ತದೆ. ದಪ್ಪಗಟ್ಟಿದ ಹಿಮ್ಮಡಿಗೆ ಯೂರಿಯಾ ಇರುವ ಔಷಧ ಮುಲಾಮು ಹೆಚ್ಚು ಉಪಯುಕ್ತ. ಹೊಲಕ್ಕೆ ಹಾಕುವ ಯೂರಿಯಾ ಗೊಬ್ಬರವನ್ನು ಯಾವ ಕಾರಣಕ್ಕೂ ಮೈಗೆ ಬಳಸಬಾರದು. ಎಣ್ಣೆ, ಜೆಲ್ಲಿ ಹೀರಿದ ಬಟ್ಟೆ ಬೇಗ ಬೆಂಕಿ ಹತ್ತಿಕೊಳ್ಳುವುದರಿಂದ ಹಾಗೆ ಹಚ್ಚಿಕೊಂಡವರು ಒಲೆ, ಚಳಿ ಕಾಯಿಸುವ ಬೆಂಕಿಗಳಿಂದ ದೂರವಿರಬೇಕು.

ಮಧುಮೇಹವಿರುವವರಿಗೆ ಕ್ರಮವೇ ಬೇರೆ. ಕಾಲಿನ ಸ್ಪರ್ಶಜ್ಞಾನ ಕುಂದಿದವರಿಗೆ ನೀರಿನ ಬಿಸಿ ತಿಳಿಯದು, ಬಿರುಕಿನ ನೋವೂ ತಿಳಿಯದು. ಸಣ್ಣ ಬಿರುಕಿನ ಮೂಲಕ ಸೋಂಕು ಒಳಹೊಕ್ಕು ಹುಣ್ಣಾಗಿ, ಕಡೆಗೆ ಬೆರಳನ್ನೋ ಪಾದವನ್ನೋ ತೆಗೆಯಬೇಕಾದ ಸ್ಥಿತಿಗೆ ಮುಟ್ಟುವುದು ಮಧುಮೇಹಿಗಳಲ್ಲಿ ಅಪರೂಪವಲ್ಲ. ಅವರು ಕಾಲನ್ನು ನೀರಿನಲ್ಲಿ ನೆನೆಸಬಾರದು, ಬ್ಲೇಡಿನಿಂದ ಚರ್ಮ ಕೆತ್ತಬಾರದು, ಬೆರಳುಗಳ ಸಂದಿಗೆ ಗ್ಲಿಸರಿನ್ ಆಗಲಿ ಎಣ್ಣೆಯಾಗಲಿ ಹಚ್ಚಬಾರದು. ಪ್ರತಿದಿನ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು ಅಥವಾ ಮನೆಯವರಿಂದ ನೋಡಿಸಬೇಕು.

ಕೊಳ್ಳುವಾಗ ಎಚ್ಚರ

ಗ್ಲಿಸರಿನ್ ಕೈಗಾರಿಕೆಗೂ ಬಳಕೆಯಾಗುವ ವಸ್ತು. ಔಷಧ ಅಂಗಡಿಯಲ್ಲಿ 'ಐ.ಪಿ.' ಎಂದು, ಅಂದರೆ ಭಾರತೀಯ ಔಷಧ ಸಂಹಿತೆಗೆ ಅನುಗುಣವಾಗಿದೆ ಎಂದು ಮುದ್ರಿಸಿರುವ, ತಯಾರಕರ ಹೆಸರು, ತಂಡದ ಸಂಖ್ಯೆ, ಅವಧಿ ಮುಗಿಯುವ ದಿನಾಂಕವಿರುವ ಮುಚ್ಚಿದ ಶೀಸೆಯನ್ನೇ ಕೊಳ್ಳಬೇಕು. ಕ್ಯಾನಿನಿಂದ ಬಿಡಿಯಾಗಿ ಅಳೆದು ಕೊಡುವುದನ್ನು ಕೊಳ್ಳಬಾರದು.

ಈ ಎಚ್ಚರಿಕೆಗೆ ಕಹಿ ಇತಿಹಾಸವಿದೆ. ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ನೋಡಲು, ರುಚಿಗೆ ಗ್ಲಿಸರಿನ್ ಅನ್ನೇ ಹೋಲುತ್ತದೆ. ಆದರೆ ಮೂತ್ರಪಿಂಡಗಳನ್ನು ಕೆಡಿಸುತ್ತದೆ. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಈ ವಿಷ ಬೆರೆತಿದ್ದ ಗ್ಲಿಸರಿನ್ ಅನ್ನು ಔಷಧವಾಗಿ ಪಡೆದ 14 ರೋಗಿಗಳು ಸಾವಿಗೀಡಾದರು; ನ್ಯಾಯಮೂರ್ತಿ ಲೆಂಟಿನ್ ಆಯೋಗ ಈ ಬಗ್ಗೆ ವಿಚಾರಣೆ ನಡೆಸಿತು. 2006ರಲ್ಲಿ ಪನಾಮ ದೇಶದಲ್ಲಿ ಗ್ಲಿಸರಿನ್ ಹೆಸರಿನಲ್ಲಿ ಬಂದ ಇದೇ ವಿಷವು ಕೆಮ್ಮಿನ ಔಷಧ ಸೇರಿ ಅನೇಕರ ಪ್ರಾಣ ತೆಗೆಯಿತು. ಮೈಗೆ ಹಚ್ಚಲು ತಂದ ಗ್ಲಿಸರಿನ್ ಅನ್ನು ಕೆಮ್ಮಿಗೆಂದು ಕುಡಿಯುವುದಾಗಲಿ, ಕೂಸಿಗೆ ನೆಕ್ಕಿಸುವುದಾಗಲಿ ಸಲ್ಲದು. ಬಾಯಿಹುಣ್ಣಿಗೆ ಹಚ್ಚುವ ಬೋರಾಕ್ಸ್ ಗ್ಲಿಸರಿನ್ ಬೇರೆಯೇ ವಸ್ತು. ಅದನ್ನು ಶಿಶುಗಳಿಗೆ ಬಳಸಲೇಬಾರದು. ಪೊಟ್ಯಾಸಿಯಂ ಪರ್ಮಾಂಗನೇಟಿನ ಹರಳುಗಳಿಗೆ ಗ್ಲಿಸರಿನ್ ತಗುಲಿದರೆ ತಾನಾಗಿ ಬೆಂಕಿ ಏಳುವುದರಿಂದ ಇವೆರಡನ್ನೂ ಒಟ್ಟಿಗೆ ಇಡಬಾರದು.

ವೈದ್ಯರನ್ನು ಕಾಣಬೇಕಾದ್ದು ಯಾವಾಗ?

ಎರಡು ಮೂರು ವಾರಗಳ ಆರೈಕೆಯ ನಂತರವೂ ಚರ್ಮ ಸುಧಾರಿಸದಿದ್ದರೆ, ಬಿರುಕಿನಿಂದ ರಕ್ತ, ಕೀವು ಬಂದರೆ, ಕಾಲು ಕೆಂಪೇರಿ ಊದಿಕೊಂಡರೆ, ನಿದ್ರೆ ಕೆಡಿಸುವ ತುರಿಕೆಯಿದ್ದರೆ, ದಪ್ಪ ಬೆಳ್ಳಿಯಂಥ ಹೊಪ್ಪಳೆ ಏಳುತ್ತಿದ್ದರೆ ಅದು ಬರಿಯ ಚಳಿಯ ಒಡಕಲ್ಲ. ಇಸುಬು, ಸೋರಿಯಾಸಿಸ್, ಥೈರಾಯ್ಡ್ ಕೊರತೆ, ಮೂತ್ರಪಿಂಡದ ಕಾಯಿಲೆಗಳೂ ಒಣ ಚರ್ಮದ ರೂಪದಲ್ಲಿ ಕಾಣಿಸಿಕೊಳ್ಳಬಲ್ಲವು. ಅಂಥವರು ಸಮೀಪದ ತಾಲೂಕು ಆಸ್ಪತ್ರೆಯಲ್ಲೋ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲೋ ತಪಾಸಣೆ ಮಾಡಿಸಿಕೊಳ್ಳುವುದು ಒಳಿತು. ಉಳಿದವರಿಗೆ ಹಸಿ ಮೈ, ತೆಳುವಾಗಿಸಿದ ಗ್ಲಿಸರಿನ್, ಮೇಲೊಂದು ಪದರ ಎಣ್ಣೆ ಎಂಬ ಈ ಮೂರರ ಕ್ರಮ ತಪ್ಪದಿದ್ದರೆ ಮಾಗಿಯನ್ನು ದಾಟಲು ಸಾಕು.